ಬಾಗಿಲಿಗೆ ಬೇವು

ಮಂಚಯ್ಯನನ್ನು ಜ್ವರ ಬಿಟ್ಟು ವಾರವಾಗಿತ್ತು. ಗಂಜಿ ಮಾತ್ರ ಬಿಟ್ಟಿರಲಿಲ್ಲ.

ಅದು ಐವತ್ತೇಳನೇ ಇಸವಿ. ಫ್ಲೂ ಅನ್ನುವ ಹೊಸ ಜ್ವರ ದೇಶವೆಲ್ಲ ಸುತ್ತಿ ಹಿರೀಸಾವೆಗೂ ಬಂದಿತ್ತು. ಬಸ್ಸು ಓಡಿಸಿ ರಿಟೈರಾಗಿದ್ದ ಮಂಚಯ್ಯನೂ ಮಲಗಿ ಎದ್ದ. ಅಷ್ಟರಲ್ಲಿ ಚನ್ನರಾಯಪಟ್ಟಣದ ಮಗಳ ಮನೆಯಲ್ಲಿ ಎಲ್ಲರೂ ಮಲಗಿದರು. ಅವರ ಆರೈಕೆಗೆ ಹೊರಟ ಹೆಂಡತಿ ಪಾರ್ವತಮ್ಮ, "ನಮ್ಮನೆಯೋರ್ನ ನೋಡ್ಕಳಿ ಕಣ್ರವ್ವ, ಗಂಜಿ ಬಿಟ್ಟು ಬ್ಯಾರೆ ಏನೂ ಕೊಡಬ್ಯಾಡಿ" ಎಂದು ಗಂಡನನ್ನು ಇಡೀ ಬೀದಿಗೆ ಒಪ್ಪಿಸಿ ಬಸ್ಸು ಹತ್ತಿದಳು.

ಬೀದಿ ಆ ಮಾತನ್ನು ಚೆನ್ನಾಗಿಯೇ ಉಳಿಸಿಕೊಂಡಿತು. ಬೆಳಗ್ಗೆ ಸಣ್ಣಕ್ಕನ ರಾಗಿ ಗಂಜಿ, ಮಧ್ಯಾಹ್ನ ಮಲ್ಲಿಗಮ್ಮನ ನುಚ್ಚಿನ ಗಂಜಿ, ಸಂಜೆ ಎದುರುಮನೆಯ ಲಕ್ಕಯ್ಯ ಕೆಮ್ಮಿಕೊಂಡೇ ತರುವ ಅಕ್ಕಿ ಗಂಜಿ. ಕುಡಿದು ಮುಗಿಸುವ ತನಕ ಯಾರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಮಂಚಯ್ಯನ ನಾಲಿಗೆಯೋ, ಬಿಸಿ ಮುದ್ದೆ, ಹುರುಳಿ ಸಾರು ಎಂದು ಜಪ ಮಾಡುತ್ತಿತ್ತು.

"ಸಣ್ಣಕ್ಕ, ಒಸಿ ಉಳ್ಳಿ ಸಾರು ಮಾಡ್ಕಳನಾ ಅಂತ" ಎಂದು ಒಂದು ದಿನ ಬಾಯಿಬಿಟ್ಟ.

"ಸುಮ್ನೆ ಕುಡಿ ಮಂಚಣ್ಣ. ಪಾರ್ವತಿ ಬಂದು ಕೇಳಿದ್ರೆ ನಾನೇನು ಏಳ್ಲಿ? ನಿನ್ ಒಲೇಲಿ ಒಗೆ ಕಂಡ್ರೆ ಓಡಿಬತ್ತೀನಿ, ನೋಡ್ಕ."

ಮಾರನೇ ದಿನ ಬೆಳಕು ಹರಿಯುತ್ತಲೇ ಮಂಚಯ್ಯ ಹಿತ್ತಲಿನ ಬೇವಿನ ಕೊಂಬೆ ಮುರಿದು ಬೀದಿ ಬಾಗಿಲಿಗೆ ಸಿಕ್ಕಿಸಿದ. ಬೇವು ಕಂಡರೆ ಆ ಮನೆಗೆ ಅಮ್ಮ ಬಂದಿದ್ದಾಳೆ, ಮೈಮೇಲೆ ಗುಳ್ಳೆ ಎದ್ದಿದೆ ಎಂದರ್ಥ. ಯಾರೂ ಹೊಸ್ತಿಲು ದಾಟುವುದಿಲ್ಲ. "ತಪ್ಪಾಯ್ತು ತಾಯಿ, ಒಂದೊತ್ತಿನ ಮಟ್ಟಿಗೆ" ಎಂದು ಕೆನ್ನೆ ಬಡಿದುಕೊಂಡು ಒಳಗೆ ಹೋದ.

ಉಪಾಯ ಫಲಿಸಿತು. ಸಣ್ಣಕ್ಕ ಗಂಜಿಯ ಚೊಂಬನ್ನು ಜಗಲಿಯ ಮೇಲಿಟ್ಟು, ದೂರದಿಂದಲೇ ಕೈಮುಗಿದು ಹೋದಳು. ಮಂಚಯ್ಯ ಹುರುಳಿ ಬೇಯಿಸಿದ, ಕಟ್ಟು ಬಸಿದ, ಖಾರ ಅರೆದ. ಕೊನೆಗೆ ಎಣ್ಣೆ ಕಾಯಿಸಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ ಹಾಕಿದ. ಚುರ್ ಎಂದ ಮೇಲೆಯೇ ಮಾಡಿದ ಎಡವಟ್ಟು ನೆನಪಾದದ್ದು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ.

ಘಮಲು ಬೀದಿಗೆ ಹೋಯಿತು, ಬೀದಿ ಬಾಗಿಲಿಗೆ ಬಂತು.

"ಒಗ್ಗರಣೆ ವಾಸ್ನೆ ಎಲ್ಲಿಂದ ಬತ್ತಾ ಅದೆ?" ಮಲ್ಲಿಗಮ್ಮ ಕೇಳಿದಳು.

"ಲಕ್ಕಯ್ಯನ ಮನೇದಿರಬೇಕು" ಎಂದ ಮಂಚಯ್ಯ ಒಳಗಿನಿಂದ.

"ನಾನು ಇಲ್ಲೇ ನಿಂತಿವ್ನಿ ಕಣ್ಲಾ. ನಿಂಗಿಂಗಾಯ್ತಲ್ಲ ಅಂತ ಬೇವು ಕಂಡಾಗಿಂದ ನಮ್ ಯಾರ ಮನೇಲೂ ಒಲೆ ಅಚ್ಚಿಲ್ಲ" ಎಂದ ಲಕ್ಕಯ್ಯ.

"ಜರ ತಲೆಗೇರ್ಯದೆ, ಪಾಪ. ಪಾತ್ರೆ ಈಚೆಗಿಡಪ್ಪ" ಎಂದಳು ಸಣ್ಣಕ್ಕ.

ಪಾತ್ರೆ ಹೊಸ್ತಿಲಿಗೆ ಬಂತು. ಸಾರು ತಿಪ್ಪೆಗೆ ಹೋಯಿತು. ನಿಜ ಹೇಳಿಬಿಡೋಣ ಎಂದು ಮಂಚಯ್ಯ ಬಾಗಿಲ ಸಂದಿಯಲ್ಲಿ ಇಣುಕಿದ. ಮಲ್ಲಿಗಮ್ಮ ಹೊಸ್ತಿಲಿಗೆ ಮಜ್ಜಿಗೆ ಎರೆದು, "ತಣ್ಣಗಾಗವ್ವ, ನಮ್ಮಣ್ಣನ್ನ ಉಳಿಸ್ಕೊಡವ್ವ" ಎಂದು ಸೆರಗೊಡ್ಡಿ ಅಳುತ್ತಿದ್ದಳು. ಕೆಮ್ಮು ನಿಲ್ಲದ ಲಕ್ಕಯ್ಯ ಬಿಸಿಲಲ್ಲೇ ಕೈಮುಗಿದು ನಿಂತಿದ್ದ. ಮಂಚಯ್ಯ ಬಾಗಿಲಿಂದ ಹಿಂದೆ ಸರಿದ. ಒಡಹುಟ್ಟಿದವರೂ ಇಷ್ಟು ಮಾಡುತ್ತಿದ್ದರೋ ಇಲ್ಲವೋ. ಇಂಥವರ ಮುಂದೆ, ಸಾರಿನ ಆಸೆಗೆ ಸುಳ್ಳು ಆಡಿದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಬಸ್ಸು ಬಂದು ಮನೆ ಮುಂದೆಯೇ ನಿಂತಿತು. ಮಂಚಯ್ಯನ ಕೈಕೆಳಗೆ ಬಸ್ಸು ಓಡಿಸಲು ಕಲಿತ ಬೈರಯ್ಯನೇ ಅದರ ಡ್ರೈವರು. ಬೆಳಗ್ಗೆ ಹೋಗುವಾಗ ಬೇವು ಕಂಡವನು ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲಿ ಪಾರ್ವತಮ್ಮನಿಗೆ ಸುದ್ದಿ ಮುಟ್ಟಿಸಿದ್ದ. ಅವಳು ಬಸ್ಸಿಳಿದವಳೇ ಕೈಲಿದ್ದ ಕ್ಯಾರಿಯರನ್ನು ಜಗಲಿಗೆ ಹಾಕಿ ಒಳಗೆ ಓಡಿದಳು. ಗಂಡನ ಮುಖ ನೋಡಿದಳು, ಬೆನ್ನು ನೋಡಿದಳು, ಒಂದು ಗುಳ್ಳೆಯಿಲ್ಲ. ಒಲೆಯ ಪಕ್ಕದ ಸೌಟಿಗೆ ಮೆತ್ತಿಕೊಂಡಿದ್ದ ಸಾಸಿವೆ ನೋಡಿದಳು.

"ಉಳ್ಳಿ ಸಾರಿಗಾ ಇಷ್ಟೆಲ್ಲ?" ಎಂದು ಪಿಸುಗುಟ್ಟಿದಳು. ಮಂಚಯ್ಯ ತಲೆ ತಗ್ಗಿಸಿದ. "ಮಗಳ ಮನೇಲಿ ಎಲ್ಲಾ ಎದ್ರು. ನಿಂಗೂ ಬಾಯಿ ಕೆಟ್ಟಿರ್ತದೆ ಅಂತ ಉಳ್ಳಿ ಸಾರು, ಮುದ್ದೆ ಮಾಡ್ಕಂಡೇ ಬಸ್ ಸ್ಟ್ಯಾಂಡಿಗೆ ಬಂದಿದ್ದೆ ಕಣ. ಕ್ಯಾರಿಯರ್ನಾಗೆ ಅದೆ."

ಮಂಚಯ್ಯನ ಮುಖ ಅರಳುವಷ್ಟರಲ್ಲಿ ಹೊರಗಿನಿಂದ ಮಲ್ಲಿಗಮ್ಮನ ದನಿ ಕೇಳಿತು. "ಪಾರ್ವತಿ, ಈ ಕ್ಯಾರಿಯರ್ನಾಗೆ ಒಗ್ಗರಣೆ ಸಾರಿನ ವಾಸ್ನೆ ಅದೆ. ಅಮ್ಮ ಬಂದಿರೋ ಮನೆ ಒಳಕ್ಕೆ ತಗಂಡೋಗ್ಬ್ಯಾಡ ಕಣವ್ವ."

ಪಾರ್ವತಮ್ಮ ಗಂಡನನ್ನೊಮ್ಮೆ ನೋಡಿದಳು. "ನನ್ನಿಂದ ಬೆಳಗ್ಗಿಂದ ಯಾರೂ ಉಂಡಿಲ್ಲ, ಕೊಟ್ಬುಡು" ಎಂದು ಗಂಡ ಪಿಸುಗುಟ್ಟಿದ.

"ನೀವೇ ಉಣ್ಣಿ ಕಣ್ರವ್ವ, ನಮ್ಮಿಂದ ಬೆಳಗ್ಗಿಂದ ಉಪಾಸ ಇದ್ದೀರಿ" ಎಂದಳು.

ಜಗಲಿಯ ಮೇಲೆ ಮುದ್ದೆ ಮುರಿಯಿತು. ಲಕ್ಕಯ್ಯ ಸೊರ್ರೆಂದು ಸಾರು ಹೀರಿ, "ನಂಗೆ ಜರ ಬಂದಾಗಿಂದ ಇಂತಾ ಊಟ ಉಂಡಿರ್ನಿಲ್ಲ. ಮಂಚಣ್ಣ ತಣ್ಣಗಿರ್ಲಿ" ಎಂದ. ಒಳಗೆ ಕುಳಿತು ಸಣ್ಣಕ್ಕನ ಆರಿದ ಗಂಜಿ ಕುಡಿಯುತ್ತಿದ್ದ ಮಂಚಯ್ಯ ಕಣ್ಣೊರೆಸಿಕೊಂಡ. ಇಂಥ ಬೀದಿ ಸಿಕ್ಕಿದ್ದು ತನ್ನ ಪುಣ್ಯ ಅಂತಲೇ ಅವನಿಗೆ ಅನ್ನಿಸಿತು.

ಕೈತೊಳೆದ ಸಣ್ಣಕ್ಕ ಬಾಗಿಲ ಹತ್ತಿರ ಬಂದಳು. "ಪಾರ್ವತಿ, ನೀನು ಸುಸ್ತಾಗಿದ್ದೀಯ, ಒಲೆ ತಂಟೆಗೋಗ್ಬ್ಯಾಡ. ಅಮ್ಮ ಇಳಿಯೋಗಂಟ ನಿಮ್ಮಿಬ್ರಿಗೂ ನಾವೇ ಗಂಜಿ ತತ್ತೀವಿ. ನಾಳೆಯಿಂದ ಉಪ್ಪೂ ಆಕಂಗಿಲ್ಲ, ನೆಪ್ಪಿರ್ಲಿ."