ಮೈಕ್ರೋಮೀಟರಿಗೆ ಇಟ್ಟ ಕುಂಕುಮ

ಬೇರೆಯವರ ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೇಳಿಕೊಳ್ಳಲು ನನಗೆ ಎಳ್ಳಷ್ಟೂ ಸಂಕೋಚವಿಲ್ಲ. ಅದೇ ನನ್ನ ಹೊಟ್ಟೆಪಾಡು. ಹಿಂದೆ ಯಾರೋ ಪುಣ್ಯಾತ್ಮರು ಪ್ರೋಗ್ರಾಮುಗಳಲ್ಲಿ ಇಸವಿಯ ಮೊದಲೆರಡು ಅಂಕಿ ಬರೆಯಲು ಸೋಮಾರಿತನ ಮಾಡಿದ್ದರು. ಎರಡು ಸಾವಿರನೆಯ ಇಸವಿ ಬಂದೊಡನೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆಂದು ಜಗತ್ತೇ ನಡುಗುತ್ತಿದ್ದ ಕಾಲ. ಅದನ್ನು ಸರಿಪಡಿಸಲು ಆಮ್ಸ್ಟರ್‌ಡ್ಯಾಮಿನ ಕಚೇರಿಯೊಂದು ಮೈಸೂರಿನ ನನ್ನನ್ನು ಕರೆಸಿಕೊಂಡಿತ್ತು. ಪಾಪ, ಅವರಿಗೆ ನನ್ನ ಪರಿಚಯವಿರಲಿಲ್ಲ.

ಪಕ್ಕದ ಮೇಜಿನ ಹೆಂಕ್ ರೈಫಲ್ ಕ್ಲಬ್ಬಿನ ಸದಸ್ಯ. ಅಂಗಡಿಯ ತೋಟಾ ಅವನಿಗೆ ಆಗದು. ತಾನೇ ಮದ್ದು ತುಂಬಿಕೊಳ್ಳಬೇಕು. ತುಂಬುವ ಮುನ್ನ ಅವನದೊಂದು ಮಡಿ ಇತ್ತು. ತೋಟಾದ ಹಿತ್ತಾಳೆ ಕೊಳವೆಯ ಕತ್ತು ಗುಂಡನ್ನು ಹಿಡಿದುಕೊಂಡಿರುತ್ತದೆ. ಹೊಡೆದಾಗ ಆ ಕತ್ತು ಉಬ್ಬಿ ಗುಂಡನ್ನು ಬಿಡಬೇಕು. ಉಬ್ಬಲು, ತೋಟಾ ಕೂರುವ ಬಂದೂಕಿನ ಚೇಂಬರಿನಲ್ಲಿ ಕೂದಲೆಳೆಯಷ್ಟು ಜಾಗ ಬೇಕು. ಇಲ್ಲದಿದ್ದರೆ ಒತ್ತಡ ಹೆಚ್ಚಿ ಬಂದೂಕೇ ಮುಖದ ಮೇಲೆ ಸಿಡಿಯಬಹುದು. ಆದ್ದರಿಂದ ಪ್ರತಿ ಕತ್ತಿನ ದಪ್ಪವನ್ನೂ ಅಳೆಯಬೇಕು. ಮೂರು ಜನರ ಸೀಟಿನಲ್ಲಿ ಐವರು ಕೂತು ಬೆಳೆದ ನಾನು, "ಸ್ವಲ್ಪ ಅಡ್ಜಸ್ಟ್ ಆಗಲ್ವಾ?" ಎಂದೆ. ಹಿತ್ತಾಳೆ ಅಡ್ಜಸ್ಟ್ ಆಗುವುದಿಲ್ಲವಂತೆ.

ಆ ಭಾನುವಾರ ಕ್ಲಬ್ಬಿನ ಸ್ಪರ್ಧೆ. ಪ್ರತಿ ವರ್ಷ ಎರಡನೆಯವನಾಗಿಯೇ ಬರುತ್ತಿದ್ದ ಹೆಂಕ್ ಈ ಸಲ ಗೆದ್ದೇ ಗೆಲ್ಲುವೆನೆಂದು ಹಲ್ಲು ಕಚ್ಚಿ ಕೂತಿದ್ದ. ಅಷ್ಟರಲ್ಲಿ, ಕತ್ತು ಅಳೆಯಬೇಕೆಂದುಕೊಂಡಿದ್ದ ದಿನವೇ ಅವನ ಅತ್ತೆಯ ಹುಟ್ಟುಹಬ್ಬ ಅಡ್ಡ ಬಂತು. ಡಚ್ಚರ ಪದ್ಧತಿಯಂತೆ ಅಲ್ಲಿ ಮಧ್ಯಾಹ್ನವಿಡೀ ವೃತ್ತಾಕಾರವಾಗಿ ಕುರ್ಚಿಗಳಲ್ಲಿ ಕೂತು ಒಂದೇ ಒಂದು ತುಂಡು ಕೇಕು ತಿನ್ನಬೇಕು. "ಕೊಡು, ನಾನು ಅಳೆದು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಕೊಡ್ತೀನಿ" ಎಂದೆ. ಖಾಲಿ ಕೊಳವೆಗಳನ್ನೂ ಬಾಯಲ್ಲಿ ಕಚ್ಚಿ ಕೂದಲಿನ ದಪ್ಪವನ್ನೂ ಅಳೆಯುವ, ತನ್ನ ಪ್ರಾಣದಂಥ ಮೈಕ್ರೋಮೀಟರನ್ನೂ ಅವನು ನನ್ನ ಕೈಗಿಟ್ಟ.

ಅಂದು ಆಯುಧಪೂಜೆ. ಆಮ್ಸ್ಟರ್‌ಡ್ಯಾಮಿನ ಪಕ್ಕದ ಆಮ್ಸ್ಟೆಲ್‌ವೀನಿನ ನಮ್ಮ ಮನೆಯಲ್ಲಿ ಮಿಕ್ಸಿಗೆ ಹೂವು, ಸೈಕಲ್ ಚಕ್ರದ ಕೆಳಗೆ ನಿಂಬೆಹಣ್ಣು. ಮೈಕ್ರೋಮೀಟರಿಗೂ ಪೂಜೆ ಆಯಿತು. ಮರುದಿನ ಅಳೆದರೆ ಒಂದು ಕತ್ತೂ ಸರಿಯಿಲ್ಲ. ಎಲ್ಲವೂ ಮಿತಿಗಿಂತ ಒಂದೇ ಸಮನಾಗಿ ದಪ್ಪ! ಹೆಂಕನ ಹಿತ್ತಾಳೆಯಲ್ಲಿ ತಪ್ಪು ಸಿಕ್ಕಿತೆಂದು ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಪಟ್ಟಿಯ ಮೇಲೆ ಕೆಂಪು ಅಕ್ಷರದಲ್ಲಿ 'ಅಪಾಯ' ಎಂದು ಬರೆದು ಕೊಟ್ಟೆ. ಹೆಂಕನ ಮುಖ ಬಾಡಿತು. "ಅನುಮಾನ ಬಂದ ಮೇಲೆ ಹೊಡೆಯೋ ಹಾಗಿಲ್ಲ. ಥ್ಯಾಂಕ್ಸ್, ನನ್ನ ಕಣ್ಣು ಉಳಿಸಿದೆ" ಎಂದು ಸ್ಪರ್ಧೆಯಿಂದ ಹೆಸರು ತೆಗೆಸಿಬಿಟ್ಟ.

ಭಾನುವಾರ ಇಬ್ಬರೂ ಪ್ರೇಕ್ಷಕರಾಗಿ ಹೋದೆವು. ಗೆದ್ದವನಿಗೆ ಹೆಂಕ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆಮೇಲೆ ಕಾಫಿ ಕುಡಿಯುತ್ತಾ ನಾನು ಆಗಷ್ಟೇ ಹಿಂದಿರುಗಿಸಿದ ಮೈಕ್ರೋಮೀಟರನ್ನು, ಏನೂ ಇಡದೆ, ಸುಮ್ಮನೆ ಮುಚ್ಚಿ ನೋಡಿದ.

"ಸೊನ್ನೆ ತೋರಿಸ್ತಿಲ್ಲ. ಅಳೆಯೋಕೆ ಮುಂಚೆ ನೋಡಿದ್ಯಾ? ಬಾಯೊಳಗೆ ಇದೇನು ಕೆಂಪಗೆ?"

ನಾನು ಕರವಸ್ತ್ರದಿಂದ, ಉಗುರಿನಿಂದ ಕೆರೆದು ಒರೆಸಿಕೊಟ್ಟೆ. ಹೆಂಕ್ ಮತ್ತೊಮ್ಮೆ ಮುಚ್ಚಿ ನೋಡಿದ, ಈಗ ಸರಿಯಾಗಿ ಸೊನ್ನೆ; ದಪ್ಪವಾಗಿದ್ದದ್ದು ಹಿತ್ತಾಳೆಯಲ್ಲ, ಕುಂಕುಮ. ಬೈದಿದ್ದರೆ ಚೆನ್ನಾಗಿತ್ತು, ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು.

ನಾಚಿಕೆ ಮನೆ ತಲುಪುವಷ್ಟರಲ್ಲಿ ಕೋಪವಾಗಿತ್ತು. ಹೆಂಡತಿ ವಸುಧಾಳ ಮೇಲೆ ಹಾರಾಡಿದೆ: "ಕಂಡಕಂಡಲ್ಲೆಲ್ಲ ಗಂಧ, ಕುಂಕುಮ ಮೆತ್ತೋದಾ?"

"ನಾನು ಅದರ ಡಬ್ಬಿ ಮೇಲೆ ಇಟ್ಟೆ ಅಷ್ಟೇ ರೀ. 'ಬಾಯೊಳಗೂ ಇಡ್ತೀನಿ, ಪೂಜೆ ಅರ್ಧಂಬರ್ಧ ಆಗ್ಬಾರ್ದು' ಅಂದಿದ್ದು ಯಾರು?" ಎಂದು ಅವಳು ಚಪಾತಿ ಲಟ್ಟಿಸುವುದನ್ನು ಮುಂದುವರಿಸಿದಳು.

ಸೋಮವಾರ ಕಚೇರಿಯಲ್ಲಿ ಯಾರದೋ ಹಳೆಯ ಪ್ರೋಗ್ರಾಮಿನಲ್ಲಿ ಒಂದು ತಪ್ಪು ಸಿಕ್ಕಿತು. 'ಕೆಲಸ ಆರಂಭಿಸುವ ಮುನ್ನ ಕನಿಷ್ಠ ಪರೀಕ್ಷೆಯನ್ನೂ ಮಾಡದ ಅಕ್ಷಮ್ಯ ಬೇಜವಾಬ್ದಾರಿ' ಎಂದು ಮೂರು ಪುಟ ಖಾರವಾಗಿ ವರದಿ ಬರೆದೆ. ಸಹಿ ಹಾಕುವಾಗ ನೋಡಿದರೆ ಉಗುರಿನ ಸಂದಿಯಲ್ಲಿ ಇನ್ನೂ ಕುಂಕುಮವಿತ್ತು.