ಬೈಕಿನ ಹೊಟ್ಟೆ ನೋಡುವ ಮಾವ

ನನ್ನ ಸೋದರಮಾವನನ್ನು ಬೆಳಿಗ್ಗೆ ತಿಂಡಿಗೆ ಏನು ತಿಂದಿರಿ ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಅವರ ಬೈಕು ಕಳೆದ ಭಾನುವಾರ ಬೈಂದೂರಿನ ಒತ್ತಿನೆಣೆ ಏರಿನಲ್ಲಿ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಕುಡಿಯಿತು ಎಂದು ಕೇಳಿ, ಪಾಯಿಂಟ್ ಸಮೇತ ಹೇಳುತ್ತಾರೆ! ಇಂಥವರನ್ನು ಮಾವ ಎಂದು ಕರೆಯುವ ಭಾಗ್ಯ ಇಡೀ ಕುಂದಾಪುರ ತಾಲೂಕಿನಲ್ಲಿ ನನಗೊಬ್ಬಳಿಗೇ ಸಿಕ್ಕಿದೆ. ಬೇಕಾದವರು ಕರೆದುಕೊಂಡು ಹೋಗಬಹುದು ಎಂದು ಸುಮಾರು ಜನರೆದುರು ಹೇಳಿದ್ದೇನೆ. ಹಾಗೆ ಹೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಅದನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ನನ್ನ ಮರ್ಯಾದೆ ಹೇಗೆ ಹೋಯಿತೆಂದು ಹೇಳದಿದ್ದರೆ ನೀವು ನನ್ನ ಕಡೆ ನಿಲ್ಲುವುದಿಲ್ಲ, ಅಲ್ಲವೇ?

ಮಾವ ಗಂಗೊಳ್ಳಿಯ ಐಸ್ ಪ್ಲಾಂಟೊಂದರಲ್ಲಿ ಮೂವತ್ತು ವರ್ಷ ದುಡಿದವರು. ಗಂಟೆಗೊಮ್ಮೆ ಕಂಪ್ರೆಸರಿನ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡುವುದು, ಪುಸ್ತಕದಲ್ಲಿ ಬರೆಯುವುದು, ಇದೇ ಕೆಲಸ. ನಿವೃತ್ತರಾದ ಮೇಲೆ ನೋಡಲು ಮುಳ್ಳಿಲ್ಲ, ಬರೆಯಲು ಪುಸ್ತಕವಿಲ್ಲ! ಮೊದಲ ತಿಂಗಳು ಅತ್ತೆಯ ಕುಕ್ಕರಿನ ಎದುರು ಕುರ್ಚಿ ಹಾಕಿಕೊಂಡು, ಒಂದು ವಿಸಿಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡೆಂದು ಬರೆದುಕೊಂಡರು.

"ಮೂರ್ನೇ ವಿಸಿಲ್ ಎಂಟ್ ಸೆಕೆಂಡ್ ಲೇಟ್ ಆಯ್ತಲೆ. ಗ್ಯಾಸ್ಕೆಟ್ ಹೋಯ್ತಾ ಕಾಣ್."

"ಹ್ವಾಯ್, ಗ್ಯಾಸ್ಕೆಟ್ ಹೋದ್ದ್ ಕುಕ್ಕರಿಂದಲ್ಲ, ನಿಮ್ದ್!" ಎಂದರು ಅತ್ತೆ, ಸಟ್ಟುಗ ಕೈಯಲ್ಲೇ ಹಿಡಿದುಕೊಂಡು. ಮರುವಾರ ಮಾವ ಬೈಕ್ ತಂದರು.

ಈಗಿನ ಬೈಕುಗಳಲ್ಲಿ ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ತೀರ್ಮಾನಿಸುವುದು ಒಂದು ಪುಟ್ಟ ಕಂಪ್ಯೂಟರ್. ಅದರೊಳಗೆ ನಮ್ಮ ಮಗ್ಗಿ ಪುಸ್ತಕದಂಥ ಒಂದು ಕೋಷ್ಟಕವಿರುತ್ತದೆ. ಇಂಜಿನ್ ಇಷ್ಟು ಸುತ್ತು, ಎಕ್ಸಲೇಟರ್ ಇಷ್ಟು ತಿರುವು ಎಂದಾದರೆ ಇಷ್ಟು ಪೆಟ್ರೋಲ್ ಎಂದು ನೂರಾರು ಮನೆಗಳು. ಲೋಕದ ಜನರೆಲ್ಲ ಕಂಪನಿಯವರು ಬರೆದುಕೊಟ್ಟ ಕೋಷ್ಟಕವನ್ನೇ ಇಟ್ಟುಕೊಂಡು ಸುಖವಾಗಿ ತಿರುಗುತ್ತಾರೆ. ಮಾವನಿಗೆ ಬೇರೆಯವರು ಬರೆದ ಪುಸ್ತಕದ ಮೇಲೆ ನಂಬಿಕೆಯಿಲ್ಲ! ಹೊಸ ಬೈಕಿನ ಹೊಗೆಕೊಳವೆಗೆ ತೂತು ಕೊರೆಸಿ ಒಂದು ಸೆನ್ಸರ್ ಕೂರಿಸಿದರು. ಸೀಟಿನಡಿ, ನಡೆದದ್ದನ್ನೆಲ್ಲ ದಾಖಲಿಸುವ ಒಂದು ಡಬ್ಬಿ ಇಟ್ಟರು. ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಹಾಕಿಕೊಂಡರು. ಮುಂದೆ ನಾಲ್ಕು ಜನರ ಬೈಕನ್ನೂ ಸರಿಮಾಡಿ ಕೊಡಬಹುದೆಂದು ಮನೆಯ ಹಿಂದೆ ಶೆಡ್ ಹಾಕಿಸಿದರು. ಬೈಕ್ ಓಡಿಸುತ್ತ ಒಂದೊಂದು ಮನೆಯಲ್ಲೂ ಹೊಗೆ ಏನು ಹೇಳುತ್ತದೆಂದು ನೋಡುವುದು, ಕೋಷ್ಟಕ ತಿದ್ದುವುದು, ಮತ್ತೆ ಓಡಿಸುವುದು. ಪೆಟ್ರೋಲ್ ಕಡಿಮೆಯಾದರೆ ಮಾವನ ಭಾಷೆಯಲ್ಲಿ ಅದು 'ಉಪಾಸ'. ಹೆಚ್ಚಾದರೆ 'ಮದಿ ಊಟ', ಅಂದರೆ ಮದುವೆ ಊಟ. ಒಂದು ಪಾಲು ಪೆಟ್ರೋಲಿಗೆ ಗಾಳಿ ಹದಿಮೂರು ಪಾಯಿಂಟ್ ಎರಡು ಪಾಲು ಬಂದರೆ ಹೊಟ್ಟೆ ಹದವಾಗಿ ತುಂಬಿದೆ ಎಂದರ್ಥ.

"ನಂಗ್ ಜ್ವರ ಬಂದ್ರೆ ಹಣಿ ಮುಟ್ಟಿ ಕಾಂತಿಲ್ಲ. ಆ ಸೈಲೆನ್ಸರಿಗೆ ಜ್ವರ ಇತ್ತಾ ಅಂದೇಳಿ ದಿನಕ್ ನಾಲ್ಕ್ ಸಲ ಕಾಂತ್ರ್!" ಎನ್ನುವುದು ಅತ್ತೆಯ ದೂರು.

ಇಷ್ಟಕ್ಕೇ ನಿಂತಿದ್ದರೆ ನನಗೇನು ನಷ್ಟವಿತ್ತು? ಆದರೆ ಓಡಿಸುವವರಿಗೆ ಲ್ಯಾಪ್‌ಟಾಪ್ ನೋಡಲಾಗುವುದಿಲ್ಲ, ಹಿಂದೆ ಕುಳಿತು ಅಂಕಿ ಓದಿ ಹೇಳುವವರು ಬೇಕು. ಅತ್ತೆ "ನಾ ಬಪ್ದಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಪಕ್ಕದ ಮನೆಯಲ್ಲಿ ನಾನಿದ್ದೆ. ಸಾಲಿಗ್ರಾಮದ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು, ವಯಸ್ಸು ನಲವತ್ತರ ಹತ್ತಿರ, ದಾರಿಯಲ್ಲಿ ನಾಲ್ಕು ಜನ ನಮಸ್ಕಾರ ಹೇಳುವಷ್ಟು ಮರ್ಯಾದೆ ಉಳಿಸಿಕೊಂಡವಳು. ಅಂಥವಳ ಕೊರಳಿಗೆ ಒಂದು ಹಲಗೆ ಕಟ್ಟಿ, ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ಹೆಲ್ಮೆಟ್ಟಿನ ಮೇಲಿಂದ ಹಳೆಯ ಕೊಡೆಯ ಕಪ್ಪು ಬಟ್ಟೆ ಮುಚ್ಚಿ, ರಾಷ್ಟ್ರೀಯ ಹೆದ್ದಾರಿಯಲ್ಲಿ ಮೆರವಣಿಗೆ ಮಾಡಿಸಿದರು! ಪ್ರತಿ ಭಾನುವಾರ!

"ಎಷ್ಟಿತ್ತ್ ಹೆಣೆ?" ಮುಂದಿನಿಂದ ಮಾವನ ಕೂಗು. ನಮ್ಮ ಕಡೆ ಹೆಣ್ಣುಮಕ್ಕಳು ನಲವತ್ತಾದರೂ ಹಿರಿಯರ ಬಾಯಲ್ಲಿ 'ಹೆಣೆ'ಯೇ.

"ಹದಿಮೂರು ಪಾಯಿಂಟ್ ಎರಡು!" ಬಟ್ಟೆಯೊಳಗಿನಿಂದ ನನ್ನ ಕೂಗು.

ಒಮ್ಮೆ ಪಕ್ಕದಲ್ಲಿ ಬಂದ ಬಸ್ಸಿನ ಕಿಟಕಿಯಿಂದ ಯಾರೋ ಕೇಳಿಯೇ ಬಿಟ್ಟರು, "ಹ್ವಾಯ್, ಹಿಂದಿದ್ದದ್ದ್ ಎಂತ, ಹೆಣ್ಣಾ ಗಂಟಾ?" ಬಟ್ಟೆ ಮುಚ್ಚಿದ್ದು ಒಳ್ಳೆಯದೇ ಆಯಿತು, ಯಾರಿಗೂ ಗುರುತು ಸಿಕ್ಕಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ತರಗತಿಯಲ್ಲಿ ಹಾಜರಿ ಕರೆಯುತ್ತ "ನಂಬರ್ ಹದಿಮೂರು" ಎಂದೆ. "ಎಸ್ ಟೀಚರ್" ಎಂದಳು ಹುಡುಗಿ. ಹಿಂದಿನ ಬೆಂಚಿನಿಂದ ಗಂಭೀರವಾದ ಧ್ವನಿಯೊಂದು "ಪಾಯಿಂಟ್ ಎರಡು" ಎಂದಿತು.

ಇನ್ನೊಂದು ಸಲ ಶಿರೂರಿನಲ್ಲಿ ನನ್ನ ಗಂಡನ ಕಡೆಯವರ ಮನೆಯ ನಿಶ್ಚಿತಾರ್ಥ. ಹೇಗೂ ಅತ್ತ ಹೋಗುವವರಿದ್ದೇವೆ, ದಾರಿಯಲ್ಲಿ ಒಂಚೂರು ಲಾಗ್ ಮಾಡುವ, ಅಂದರೆ ಅಂಕಿ ದಾಖಲಿಸಿಕೊಳ್ಳುವ, ಎಂದರು ಮಾವ. ಕೋಷ್ಟಕದ ಒಂದು ಮನೆ ತುಂಬಬೇಕಾದರೆ ಬೈಕನ್ನು ಒಂದೇ ವೇಗದಲ್ಲಿ, ಎಕ್ಸಲೇಟರನ್ನು ಕೂದಲೆಳೆಯಷ್ಟೂ ಅಲುಗಿಸದೆ ಹಿಡಿಯಬೇಕಂತೆ. ಸಭಾಂಗಣ ಬಂತು. ಗೇಟಿನಲ್ಲಿ ಭಾವನವರು ಕೈಮುಗಿದು ನಿಂತಿದ್ದರು. ನಾನು ಬಟ್ಟೆ ಸರಿಸಿ ಕೈಮುಗಿದೆ. ಬೈಕು ಅವರ ಎದುರಿನಿಂದ ಅದೇ ವೇಗದಲ್ಲಿ ಹಾದುಹೋಯಿತು!

"ಮಾವ, ಹಾಲ್ ಹಿಂದುಳೀತ್! ನಿಲ್ಸಿ!"

"ನಿಲ್ಸುಕ್ ಆತಿಲ್ಲ ಹೆಣೆ, ಮನಿ ತುಂಬ್ತಾ ಇತ್ತ್!"

ಆ ಮನೆ ತುಂಬಿ ನಾವು ಹಿಂದೆ ತಿರುಗಿ ಬರುವಷ್ಟರಲ್ಲಿ ಈ ಮನೆಯವರು ಉಂಗುರ ತೊಡಿಸಿ, ಫೋಟೋ ತೆಗೆಸಿಕೊಂಡು, ಕೊನೆಯ ಪಂಕ್ತಿಗೆ ಎಲೆ ಹಾಕಿದ್ದರು. ಭಾವನವರು ಈಗಲೂ ನನ್ನನ್ನು ಕಂಡರೆ ಕೈಮುಗಿಯುವ ಮೊದಲು ನಾನು ನಿಂತಿದ್ದೇನೆಯೇ ಎಂದು ನೋಡುತ್ತಾರೆ.

ಇಷ್ಟು ಹೇಳಿದ ಮೇಲೆ ನೀವು ನನ್ನ ಕಡೆ ಆಗಿದ್ದೀರಿ ಎಂದುಕೊಂಡು ಮುಂದಿನದನ್ನು ಹೇಳುತ್ತೇನೆ.

ಬಸ್ರೂರಿನಲ್ಲಿ ನನ್ನ ಹಳೆಯ ಸಹಪಾಠಿಗಳೆಲ್ಲ ಸೇರುವ ಕಾರ್ಯಕ್ರಮವಿತ್ತು. ಬೈಕಿನ ಹಿಂದಿನ ಸೀಟಿಗೆ ನಾಚುತ್ತಿದ್ದವಳಿಗೆ ಮುಂದಿನ ಸೀಟಿನ ಮೇಲೆ ಆಸೆಯಾಯಿತು! ಸ್ಕೂಟರಿನಲ್ಲಿ ಹೋಗಿ ಇಳಿದರೆ ಯಾರು ತಿರುಗಿ ನೋಡುತ್ತಾರೆ? ಈ ಬೈಕಿನಲ್ಲಿ ಹೋದರೆ ಇಡೀ ಬ್ಯಾಚ್ ಬಾಯಿ ಬಿಡಬೇಕು. ಮಾವನನ್ನು ಕೇಳಿದೆ. ಅವರು ಕೂಡಲೇ ಕೀ ಕೊಟ್ಟರು. ಹೊರಡುವಾಗ ಚಕ್ರದ ಗಾಳಿ ನೋಡಿದರು, ಕನ್ನಡಿ ನನ್ನ ಎತ್ತರಕ್ಕೆ ತಿರುಗಿಸಿದರು. "ನಿಧಾನ ಹೋಯ್ಕ್. ಈಗ ಅದ್ರ್ ಹೊಟ್ಟಿ ಸಮ ಇತ್ತ್, ನಿಂಗೆ ಎಂತ ಉಪದ್ರ ಮಾಡುದಿಲ್ಲ" ಎಂದರು.

ಬಸ್ರೂರು ಇನ್ನೇನು ಬಂತು ಎನ್ನುವಾಗ, ಸ್ಟೇಟಸ್ಸಿಗೆ ಹಾಕಲು ಒಂದು ವಿಡಿಯೋ ಬೇಕೆನಿಸಿತು. ಬಲಗೈಯಲ್ಲಿ ಎಕ್ಸಲೇಟರ್, ಎಡಗೈಯಲ್ಲಿ ಮೊಬೈಲ್. ಮೊಬೈಲಿನೊಳಗೆ ನನ್ನದೇ ಹಲ್ಲು. ತಿರುವಿನಲ್ಲಿ ಮರಳು, ನಮ್ಮ ಭಾಷೆಯ ಹೊಯ್ಗಿ, ಬಿದ್ದಿತ್ತು. ಮುಂದಿನ ಚಕ್ರ ಜಾರಿದ್ದೇ ನಾನು ಗಾಬರಿಯಲ್ಲಿ ಎಕ್ಸಲೇಟರನ್ನು ಹಿಂಡಿಬಿಟ್ಟೆ. ಆಮೇಲೆ ನಾನೊಂದು ಕಡೆ, ಬೈಕೊಂದು ಕಡೆ. ಮೀನಿನ ಬುಟ್ಟಿ ಇಳಿಸಿ ನನ್ನನ್ನು ಎಬ್ಬಿಸಿದ ಹೆಂಗಸು, "ಫೋನಂಗ್ ಮುಖ ಕಂಡ್ಕಂಡ್ ಯಾರಾದ್ರೂ ಗಾಡಿ ಬಿಡ್ತ್ರಾ ಹೆಣೆ?" ಎಂದು ಕೇಳಿದರು. ನಲವತ್ತರ ಹತ್ತಿರದ ಟೀಚರಿಗೆ ರಸ್ತೆ ಬದಿಯಲ್ಲೇ ಪಾಠವಾಯಿತು!

ಮೊಣಕೈ ತರಚಿಕೊಂಡು, ಬ್ರೇಕ್ ಲಿವರ್ ಬಗ್ಗಿಸಿಕೊಂಡು ಮನೆಗೆ ಬಂದೆ. ಅಂಗಳದಲ್ಲಿ ಮಾವ ನಿಂತಿದ್ದರು. ಅವರು ಕೇಳುವ ಮೊದಲೇ ನನ್ನ ಬಾಯಿಂದ ಬಂದ ಮಾತು ಇದು:

"ತಿರ್ವಂಗೆ ಬೈಕೇ ಒಂದ್ ಜರ್ಕ್ ಹೊಡೀತ್ ಮಾವ. ನಂಗೆ ಎಂತ ಮಾಡುಕೂ ಆಯ್ಲಿಲ್ಲ."

ಮಾವನ ಮುಖ ಬಿಳಿಚಿತು. ಸೀಟಿನಡಿಯ ಡಬ್ಬಿ ತೆಗೆದು ಒಳಗೆ ಹೋದರು. ಅತ್ತೆ ನನ್ನ ಕೈಗೆ ಮುಲಾಮು ಹಚ್ಚುತ್ತಿರುವಾಗ ಒಳಗಿನಿಂದ ಅವರ ಧ್ವನಿ ಮೆಲ್ಲಗೆ ಕೇಳಿತು: "ಹೌದ್. ಇಲ್ಲಿತ್ತ್." ಗಂಟೆಗೆ ಇಪ್ಪತ್ತನಾಲ್ಕು ಕಿಲೋಮೀಟರ್ ವೇಗದಲ್ಲಿ ಎಕ್ಸಲೇಟರ್ ತಟ್ಟನೆ ಮೇಲೇರಿತ್ತು, ಅದೇ ಕ್ಷಣ ಹೊಗೆಯ ಅಂಕಿ 'ಉಪಾಸ' ತೋರಿಸಿತ್ತು. ನಾನು ಬೀಳುವಾಗ ಹಿಂಡಿದ್ದು ಅದು; ಹಾಗೆ ಹಿಂಡಿದರೆ ಯಾವ ಬೈಕಿಗೂ ಒಂದು ಕ್ಷಣ ಉಪಾಸವೇ. ಮಾವ ಓದಿಕೊಂಡದ್ದು ಬೇರೆ. ಹೆಣ್ಣು ತಿರುವಿನಿಂದ ಹೊರಬರಲು ಎಕ್ಸಲೇಟರ್ ಕೊಟ್ಟಿದ್ದಾಳೆ, ಆ ಮನೆಯಲ್ಲಿ ತಾನು ಪೆಟ್ರೋಲ್ ಕಡಿಮೆ ಬರೆದಿದ್ದರಿಂದ ಇಂಜಿನ್ ಒಮ್ಮೆ ತಡವರಿಸಿ ಆಮೇಲೆ ಎಳೆದು ಬೀಳಿಸಿದೆ ಎಂದು. ನನ್ನ ಸುಳ್ಳಿಗೆ ಯಂತ್ರವೇ ಸಾಕ್ಷಿ ಹೇಳಿತು! ಬಚಾವಾದೆ ಎಂದುಕೊಂಡೆ. ನಿಜ ಹೇಳುತ್ತೇನೆ, ಆಗ ನನಗೆ ಖುಷಿಯೇ ಆಯಿತು.

ಆಮೇಲೆ ಮೂರು ತಿಂಗಳು ಮಾವನಿಗೆ ಲೋಕದಲ್ಲಿ ಬೇರೆ ಮನೆಗಳೇ ಇಲ್ಲ, ಆ ಒಂದೇ ಮನೆ. ದಿನಾ ಬಸ್ರೂರಿನ ಅದೇ ತಿರುವಿಗೆ ಹೋಗಿ ಇಪ್ಪತ್ತನಾಲ್ಕು ಕಿಲೋಮೀಟರ್ ವೇಗದಲ್ಲಿ ತಿರುಗುವುದು, ಹಿಂದೆ ಬರುವುದು, ಮತ್ತೆ ತಿರುಗುವುದು. ಅಲ್ಲಿನವರು ಮೊದಲು ಇವರು ಏನೋ ಕಳೆದುಕೊಂಡಿದ್ದಾರೆ ಎಂದುಕೊಂಡರಂತೆ. ಆಮೇಲೆ ಜಾಗ ನೋಡಲು ಬಂದಿದ್ದಾರೆ ಎಂದರಂತೆ. ಕೊನೆಗೆ ಬಸ್ಸು ಕಾಯುವವರು ಇವರನ್ನು ನೋಡುತ್ತ ಹೊತ್ತು ಕಳೆಯತೊಡಗಿದರು. ನನ್ನನ್ನು ಮಾತ್ರ ಒಮ್ಮೆಯೂ ಕರೆಯಲಿಲ್ಲ. ಎದುರು ಸಿಕ್ಕರೂ ತಲೆ ತಗ್ಗಿಸಿ ಹೋಗುತ್ತಿದ್ದರು. ತಲೆಯೊಳಗೆ ಅಂಕಿ ಓಡುತ್ತಿರಬೇಕು ಎಂದುಕೊಂಡು ನಾನು ಭಾನುವಾರಗಳಲ್ಲಿ ಆರಾಮವಾಗಿ ಮಲಗಿದೆ.

ಬ್ರಹ್ಮಾವರದಲ್ಲಿ ಬಂಧುಗಳ ಗೃಹಪ್ರವೇಶ. ಊಟದ ನಂತರ ಎಲ್ಲರೂ ಚಾವಡಿಯಲ್ಲಿ ಕುಳಿತಿದ್ದಾಗ ಮಾವನ ಸುದ್ದಿ ಬಂತು. ಮಾವ ಬಂದಿರಲಿಲ್ಲ. ನಾನು ಎದ್ದು ನಿಂತು ಒಂದು ಬಟ್ಟಲನ್ನು ಲ್ಯಾಪ್‌ಟಾಪಿನಂತೆ ಹಿಡಿದು, ತಲೆಗೆ ಕೈ ಒರೆಸುವ ಬೈರಾಸು ಮುಚ್ಚಿಕೊಂಡು, ಮಾವ ತಲೆ ತಗ್ಗಿಸಿ ತಿರುವಿನಲ್ಲಿ ಸುತ್ತುವುದನ್ನು ಮಾಡಿ ತೋರಿಸಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದು ಸಲ ಎಂದರು, ಇನ್ನೊಂದು ಸಲವೂ ಮಾಡಿದೆ! ಅತ್ತೆ ಮಾತ್ರ ನಗಲಿಲ್ಲ. ಕೈ ತೊಳೆಯುವಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತರು.

"ನಗ್ಯಾಡ್ಬೇಡ ಹೆಣೆ. ಇಲ್ಲಿಯವ್ರೇ ಒಬ್ರ್ ತಮ್ಮ್ ಬೈಕ್ ಸಮ ಮಾಡಿ ಕೊಡಿ ಅಂದೇಳಿ ಎರಡ್ ಸಲ ಮನಿಗ್ ಬಂದಿದ್ರ್. ಶೆಡ್ ಹಾಕ್ಸಿದ್ದೇ ಅದ್ಕಲ್ದಾ? ಎರಡ್ ಸಲವೂ ವಾಪಾಸ್ ಕಳ್ಸ್ರ್. 'ನಮ್ಮ್ ಹೆಣ್ಣನ್ನೇ ಬೀಳ್ಸಿದ ಕೈ ಇದ್, ಬೇರೆಯವ್ರ್ ಗಾಡಿ ಮುಟ್ಟುದಿಲ್ಲ' ಅಂತ್ರ್. ನಾಳೆ ಎಲ್ಲ ಬಿಚ್ಚಿ ತೆಗೀತ್ರಂಬ್ರ್. ಇನ್ ಮೇಲೆ ಕಂಪನಿಯವ್ರ್ ಕೊಟ್ಟದ್ದೇ ಸಾಕಂಬ್ರ್."

ನಲ್ಲಿಯ ನೀರು ಸುಮ್ಮನೆ ಹರಿದುಹೋಗುತ್ತಿತ್ತು. ನಾನು ಕೈ ತೊಳೆಯುತ್ತಲೇ ಇದ್ದೆ. ಐಸ್ ಪ್ಲಾಂಟ್ ಬಿಟ್ಟ ಮೇಲೆ ಮೊದಲ ಸಲ ಒಬ್ಬರು ಮಾವನನ್ನು ಹುಡುಕಿಕೊಂಡು ಬಂದಿದ್ದರು. ಅವರನ್ನು ವಾಪಸು ಕಳಿಸಿದ್ದು ನಾನು. ತಪ್ಪು ಮಾಡಿದವರು ಎದ್ದು ನಿಲ್ಲಿ ಎಂದು ತರಗತಿಯಲ್ಲಿ ವಾರಕ್ಕೆ ನಾಲ್ಕು ಸಲ ಹೇಳುವ ಬಾಯಿ ನನ್ನದು!

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದೆ. ಮಾವ ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಸೆನ್ಸರಿನ ನಟ್ಟಿಗೆ ಸ್ಪ್ಯಾನರ್ ಹಾಕಿದ್ದರು. ಮೊಬೈಲ್ ಮುಂದೆ ಹಿಡಿದೆ. ಆ ವಿಡಿಯೋವನ್ನು ಯಾರಿಗೂ ತೋರಿಸಿರಲಿಲ್ಲ, ಯಾಕೋ ಅಳಿಸಿಯೂ ಇರಲಿಲ್ಲ. ಮಾವ ಕನ್ನಡಕ ಹಾಕಿಕೊಂಡು ನೋಡಿದರು. ನನ್ನ ಹಲ್ಲು, ನನ್ನ ಹಲ್ಲು, ನನ್ನ ಹಲ್ಲು, ಒಂದಿಷ್ಟು ಮರಳು, ಆಮೇಲೆ ಆಕಾಶ.

"ಎಡ್ಗೈಯಂಗೆ ಫೋನಾ?"

"ಹ್ಞೂಂ."

"ಇದ್ ಹೊಯ್ಗಿಯಾ?"

"ಹೊಯ್ಗಿ ಮಾವ. ಬೈಕ್ ಎಂತದೂ ಮಾಡ್ಲಿಲ್ಲ. ನಾನೇ ಹಿಂಡಿದ್ದ್. ನಾ ಸುಳ್ಳ್ ಹೇಳದ್ದ್."

ಅವರು ಲ್ಯಾಪ್‌ಟಾಪ್ ತೆರೆದು, ವಿಡಿಯೋದ ಹೊತ್ತನ್ನೂ ಲಾಗಿನ ಹೊತ್ತನ್ನೂ ಸರಿಹೊಂದಿಸಿ ಮೂರು ಸಲ ನೋಡಿದರು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು! ಮಾವ ಸ್ಪ್ಯಾನರನ್ನು ನೆಲಕ್ಕಿಟ್ಟರು.

"ಹಾಂಗಾರೆ ನಾ ಬೀಳ್ಸಿದ್ದಲ್ಲ."

"ಅಲ್ಲ ಮಾವ."

"ನಾ ಬೀಳ್ಸಿದ್ದಲ್ಲ" ಎಂದು ಇನ್ನೊಮ್ಮೆ ತಮಗೇ ಹೇಳಿಕೊಂಡರು. ಆಮೇಲೆ ಮುಖವೆತ್ತಿ ನನ್ನನ್ನು ನೋಡಿದರು. ಮೂರು ತಿಂಗಳಲ್ಲಿ ಮೊದಲ ಸಲ.

"ನಿನ್ ಮುಖ ಕಾಂಬುಕೇ ನಂಗೆ ನಾಚ್ಕಿ ಆತಿತ್ತ್ ಹೆಣೆ. ಎದ್ರ್ ಬಂದ್ರೆ ಎಲ್ ಹೋಪ್ದ್ ಅಂದೇಳಿ ಗೊತ್ತಾತಿರ್ಲಿಲ್ಲ."

ನಾಚಿಕೆ ಪಡಬೇಕಾಗಿದ್ದವಳು ನಾನು. ಅದನ್ನು ಇಷ್ಟು ದಿನ ಅವರ ತಲೆಯ ಮೇಲೆ ಹೊರಿಸಿ, ಅವರು ತಲೆ ತಗ್ಗಿಸಿದ್ದನ್ನು ನಾಲ್ಕು ಜನರೆದುರು ಮಾಡಿ ತೋರಿಸಿ ನಗಿಸಿದ್ದೆ. ಅಷ್ಟರಲ್ಲಿ ಮಾವ ನನ್ನ ಕೈ ಹಿಡಿದು ಮೊಣಕೈಯನ್ನು ಬೆಳಕಿಗೆ ತಿರುಗಿಸಿದರು. ಮಾಸಿಹೋದ ಕಲೆಯ ಸುತ್ತ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಬೆರಳಿನ ಗ್ರೀಸೆಲ್ಲ ನನ್ನ ಕೈಗೆ ಹತ್ತಿತು.

"ಅವತ್ ತುಂಬಾ ನೋವಾಯ್ತಾ ಮಗಾ?" ಎಂದು ಕೇಳಿದರು.

ಬಿದ್ದ ದಿನ ಬಾರದಿದ್ದ ಅಳು ನನಗೆ ಆಗ ಬಂತು.