ಸಾಹೇಬರ ಮುಳ್ಳು

ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನೀರು ಸರಬರಾಜು ಕಚೇರಿಯ ಸಾಹೇಬರ ಫೌಂಟನ್ ಪೆನ್ನು, ಸಹಿಯ ನಡುವೆ, ಬರೆಯುವುದನ್ನು ನಿಲ್ಲಿಸಿತು. ಸಿಬ್ಬಂದಿಯೆಲ್ಲ ಎದ್ದು ನಿಂತರು.

ಸಹಿ ಬೀಳುತ್ತಿದ್ದುದು ಒಬ್ಬ ಅಜ್ಜಿಯ ನಲ್ಲಿ ಅರ್ಜಿಯ ಮೇಲೆ. ಮನೆಯಲ್ಲಿ ಮಗಳು ಹಸಿ ಬಾಣಂತಿ. ನೀರು ಮೂರು ಬೀದಿಯಾಚೆ.

“ಪೆನ್ನಿನ ಮುಳ್ಳಲ್ಲಿ ಇಂಕು ಒಣಗಿದೆ ಸ್ವಾಮಿ. ಒಂದು ಲೋಟ ಬಿಸಿನೀರಲ್ಲಿ ಅದ್ದಿದ್ರೆ ಸರಿಹೋಗುತ್ತೆ. ನಮ್ಮೆಜಮಾನ್ರು ಹಾಗೇ ಮಾಡ್ತಿದ್ರು,” ಎಂದಳು ಅಜ್ಜಿ.

“ನೀರು ಬೇಕಾದ್ರೆ ಅರ್ಜಿ ಕೊಡಬೇಕಮ್ಮ,” ಎಂದರು ಸಾಹೇಬರು.

ಬೇರೆ ಪೆನ್ನಿನ ಪ್ರಶ್ನೆ ಏಳಲಿಲ್ಲ. ಹುದ್ದೆಗೆ ಒಂದೇ ಪೆನ್ನು. ಅನ್ಯ ಪೆನ್ನಿನ ಸಹಿ ಅನ್ಯರ ಸಹಿ ಎಂದು ನಿಯಮವೇ ಇದೆ. ಗುಮಾಸ್ತನು ಕಾಗದ ಉಳಿತಾಯದ ಸುತ್ತೋಲೆಗೆ ಅನುಸಾರವಾಗಿ ದುರಸ್ತಿ ವಿಭಾಗಕ್ಕೆ ಚುಟುಕಾಗಿ ಬರೆದ: “ಸಾಹೇಬರ ಮುಳ್ಳು ಓಡುತ್ತಿಲ್ಲ. ತುರ್ತು.” ಮುಳ್ಳು ಗಡಿಯಾರಕ್ಕೂ ಇರುತ್ತದೆ; ಇದು ಯಾವುದರದ್ದು ಎಂಬುದು ಆ ಚೀಟಿಯಲ್ಲಿ ಹಿಡಿಸಲಿಲ್ಲ.

ಬುಧವಾರ ಗಡಿಯಾರ ರಿಪೇರಿಯವನು ಬಂದ. ಗೋಡೆಯ ಗಡಿಯಾರ ಸರಿಯಾಗಿಯೇ ಓಡುತ್ತಿತ್ತು. ಓಡುವ ಮುಳ್ಳನ್ನು ದುರಸ್ತಿ ಮಾಡಲು ಅವಕಾಶವಿಲ್ಲದ್ದರಿಂದ ಮೊದಲು ಅದನ್ನು ನಿಲ್ಲಿಸಿದ. ಆಮೇಲೆ ಅದು ಓಡಲಿಲ್ಲ. “ಇದು ನಮ್ಮ ಮುಳ್ಳಲ್ಲ” ಎಂದು ಷರಾ ಬರೆದು ಚೀಟಿಯನ್ನು ವೈದ್ಯರಿಗೆ ಕಳಿಸಿದ.

ಗುರುವಾರ ವೈದ್ಯರು ಸಾಹೇಬರ ಎರಡೂ ಪಾದ ತಿರುಗಿಸಿ ನೋಡಿದರು.

“ಮುಳ್ಳು ಕಾಣ್ತಿಲ್ಲವಲ್ಲ.”

“ಅದು ಪೆನ್ನಿಂದು ಡಾಕ್ಟ್ರೇ,” ಎಂದಳು ಅಂದೂ ಬಂದು ಕಾದಿದ್ದ ಅಜ್ಜಿ.

“ಯಾವುದರದ್ದಾದ್ರೂ ಚುಚ್ಚಿದ್ಮೇಲೆ ಕಾಣಬೇಕಮ್ಮ. ಕಾಣ್ತಿಲ್ಲ ಅಂದ್ರೆ ಆಳಕ್ಕೆ ಹೋಗಿದೆ. ನೋವಿದೆಯಾ ಸಾರ್?”

ಸಾಹೇಬರು ಚೀಟಿಯನ್ನು ಇನ್ನೊಮ್ಮೆ ಓದಿದರು. “ಬರವಣಿಗೆಯಲ್ಲಿ ಇದೆ ಅಂದ್ಮೇಲೆ ಇರಲೇಬೇಕು.”

ಬಲಗಾಲಿಗೆ ಪಟ್ಟಿ ಬಿತ್ತು. ಹದಿನೈದು ದಿನ ರಜೆ ಮಂಜೂರಾಯಿತು.

ಶುಕ್ರವಾರ ಅಜ್ಜಿ ಮನೆಯಿಂದಲೇ ಬಿಸಿನೀರು ತಂದು ಮುಳ್ಳನ್ನು ಅದ್ದಿದಳು. ಪೆನ್ನು ಸರಾಗವಾಗಿ ಬರೆಯಿತು. ಬರೆಯಬೇಕಾದವರು ಕುರ್ಚಿಯಲ್ಲಿರಲಿಲ್ಲ.

“ಬಾಣಂತಿ ಇದ್ದಾಳೆ ಕಣಪ್ಪ. ಏನಾದ್ರೂ ದಾರಿ ಮಾಡು.”

ಗುಮಾಸ್ತನಿಗೂ ಕರುಳಿತ್ತು. “ಅರ್ಧ ಸಹಿ ಬಿದ್ದಿದೆಯಲ್ಲಜ್ಜಿ. ಅರ್ಧ ಸಹಿಗೆ ಅರ್ಧ ಕೆಲಸ ಮಾಡಿಕೊಡಬಹುದು. ನಲ್ಲಿನಾ, ನೀರಾ, ಒಂದು ಹೇಳಿ.”

“ನೀರೇ ಕೊಡಪ್ಪ.”

“ನಲ್ಲಿ ಇಲ್ದೆ ನೀರು ಎಲ್ಲಿಂದ ಬಿಡೋಣ?”

ಶನಿವಾರ ಅಜ್ಜಿಯ ಅಂಗಳದಲ್ಲಿ ಹೊಸ ಹಿತ್ತಾಳೆ ನಲ್ಲಿ ನಿಂತಿತು. ಅದರಲ್ಲಿ ನೀರು ಬರುವುದಿಲ್ಲ. ಆ ಬೀದಿಯ ಉಳಿದ ಹನ್ನೊಂದು ಮನೆಯವರು ತಮಗೂ ಅರ್ಧ ಸಹಿ ದಯಪಾಲಿಸಬೇಕೆಂದು ಅರ್ಜಿ ಕೊಟ್ಟಿದ್ದಾರೆ.